ನದಿಯಿಲ್ಲದ ಊರಿನಲ್ಲಿ ದೋಣಿ

ಗಡಿ ವಿವಾದ, ಮಹಾಜನ ವರದಿ, ಮುಂಬಯಿಯ ಕನ್ನಡ ಶಾಲೆಗಳ ಅಳಿವು ಉಳಿವು ಮುಂತಾದ ಗಂಭೀರ ವಿಷಯಗಳಿಗೆ ಮೀಸಲಾದ ಈ ಪುಟಗಳಲ್ಲಿ ಅಮೆರಿಕದ ಒಂದು ಕಾರ್ಟೂನು ಧಾರಾವಾಹಿಯನ್ನು ಕುರಿತು ಬರೆಯಹೊರಟಿರುವುದಕ್ಕೆ ಓದುಗ ಮಿತ್ರರು ನನ್ನನ್ನು ಕ್ಷಮಿಸಬೇಕು. ಅದನ್ನು ಮಕ್ಕಳ ಕಾಲಹರಣವೆಂದೇ ಬಗೆದಿದ್ದವನು ನಾನು. ಕಳೆದ ಮಳೆಗಾಲದ ಒಂದು ಭಾನುವಾರ ಬಾಂದ್ರಾ ಪೂರ್ವದ ನಮ್ಮ ಮನೆಯಿಂದ ಹೊರಗೆ ಕಾಲಿಡಲಾಗದಂತೆ ಮಳೆ ಹೊಯ್ಯುತ್ತಿದ್ದಾಗ ಮಗಳು ತನ್ನ ಕಂಪ್ಯೂಟರಿನ ಮುಂದಿನಿಂದಲೇ ಕೂಗಿದಳು: “ಅಪ್ಪಾ, ಬೇಗ ಬಾ, ನಿನ್ನ ಬೆಂಗಳೂರು ಬಂದಿದೆ.” ಆ ‘ನಿನ್ನ’ ಎಂಬ ಮಾತನ್ನು ಗಮನಿಸಬೇಕು. ಆಕೆ ಹುಟ್ಟಿದ್ದು ಮುಂಬಯಿಯಲ್ಲಿ, ಓದಿದ್ದು ಇಂಗ್ಲಿಷಿನಲ್ಲಿ. ಗೆಳತಿಯರೊಡನೆ ಹಿಂದಿ, ತರಕಾರಿಯವಳೊಡನೆ ಮರಾಠಿ, ನಮ್ಮಿಬ್ಬರೊಡನೆ ಮಾತ್ರ ಕನ್ನಡ. ಬೆಂಗಳೂರೆಂದರೆ ಅವಳಿಗೆ ಅಜ್ಜಿಮನೆಯಲ್ಲಿ ಕಳೆಯುವ ಎರಡು ವಾರದ ರಜೆ. ನಾನು ಹೋಗಿ ಅವಳ ಪಕ್ಕದಲ್ಲಿ ಕುಳಿತೆ. ಇಪ್ಪತ್ತೆರಡು ನಿಮಿಷದ ಆ ಕಂತು ಮುಗಿದ ಮೇಲೂ ನನ್ನ ತಲೆಯಿಂದ ಇಳಿಯಲಿಲ್ಲ.

‘ದಿ ಸಿಂಪ್ಸನ್ಸ್’ ಎಂಬ ಈ ಮಾಲಿಕೆ 1989ರ ಡಿಸೆಂಬರಿನಲ್ಲಿ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಶುರುವಾಗಿ ಇಂದಿಗೂ ನಡೆದುಬರುತ್ತಿದೆ. ಇದರ ಜನಕ ಮ್ಯಾಟ್ ಗ್ರೇನಿಂಗ್. ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ಒಂದು ಸಾಮಾನ್ಯ ಕುಟುಂಬದ ಕಥೆ ಇದು. ಅಪ್ಪ ಹೋಮರ್, ಅಣುವಿದ್ಯುತ್ ಸ್ಥಾವರವೊಂದರಲ್ಲಿ ಸುರಕ್ಷತೆಯ ಹೊಣೆ ಹೊತ್ತ ನೌಕರ, ಮಹಾ ಸೋಮಾರಿ, ತಿಂಡಿಪೋತ. ಅಮ್ಮ ಮಾರ್ಜ್, ತುಂಟ ಮಗ ಬಾರ್ಟ್, ಓದುಬರಹದ ಮಗಳು ಲೀಸಾ, ಮಾತು ಬಾರದ ಕೂಸು ಮ್ಯಾಗಿ. ಸ್ಥಾವರದ ಒಡೆಯ ಬರ್ನ್ಸ್ ಒಬ್ಬ ಜಿಪುಣ ಮುದುಕ. ಎಲ್ಲರಿಗೂ ಹಳದಿ ಮೈ, ಕೈಗೆ ನಾಲ್ಕೇ ಬೆರಳು. ಅಮೆರಿಕದ ಮಧ್ಯಮವರ್ಗದ ಹುಸಿತನಗಳನ್ನೆಲ್ಲ ಮೂರೂವರೆ ದಶಕಗಳಿಂದ ಹರಾಜು ಹಾಕುತ್ತ ಬಂದ ಈ ಮಾಲಿಕೆಯನ್ನು ಹಗುರವಾಗಿ ಕಾಣುವಂತಿಲ್ಲ ಎಂಬುದನ್ನು ನಾನು ತಡವಾಗಿ ಕಲಿತೆ. ಸ್ಪ್ರಿಂಗ್‌ಫೀಲ್ಡ್ ಯಾವ ರಾಜ್ಯದಲ್ಲಿದೆ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲವಂತೆ. ಹೇಳದಿರುವುದೇ ಅಲ್ಲಿನ ಒಂದು ಹಳೆಯ ತಮಾಷೆ.

ನಾವು ನೋಡಿದ ಕಂತಿನ ಹೆಸರು ‘ಕಿಸ್ ಕಿಸ್, ಬ್ಯಾಂಗ್ ಬ್ಯಾಂಗಲೋರ್’. ಹದಿನೇಳನೆಯ ವರ್ಷದ ಸರಣಿಯ ಹದಿನೇಳನೆಯ ಕಂತು, ಪ್ರಸಾರವಾದದ್ದು 2006ರ ಏಪ್ರಿಲ್ 9ರಂದು. ಬರೆದವರು ಹೋಮರನಿಗೆ ದನಿ ಕೊಡುವ ನಟ ಡ್ಯಾನ್ ಕ್ಯಾಸ್ಟೆಲನೆಟಾ ಮತ್ತು ಅವರ ಪತ್ನಿ ಡೆಬ್ ಲಕುಸ್ತಾ. ಹಣ ಉಳಿಸುವ ಆಸೆಯಿಂದ ಬರ್ನ್ಸ್ ತನ್ನ ಅಣುಸ್ಥಾವರವನ್ನೇ ಭಾರತಕ್ಕೆ ಹೊರಗುತ್ತಿಗೆ ಕೊಡುತ್ತಾನೆ. ಊರಿನವರೆಲ್ಲರ ಕೆಲಸ ಹೋಗುತ್ತದೆ, ಹೋಮರನೊಬ್ಬನನ್ನು ಮಾತ್ರ ಬೆಂಗಳೂರಿಗೆ ಕಳಿಸಿ ಅಲ್ಲಿನ ಕೆಲಸಗಾರರಿಗೆ ತರಬೇತಿ ಕೊಡಿಸುತ್ತಾನೆ. ಸ್ಪ್ರಿಂಗ್‌ಫೀಲ್ಡಿನಲ್ಲಿ ಕಿರಾಣಿ ಅಂಗಡಿ ನಡೆಸುವ ಅಪು ಎಂಬ ಭಾರತೀಯನ ದಾಯಾದಿಯೊಬ್ಬ ಬೆಂಗಳೂರಿನಲ್ಲಿದ್ದಾನೆ. ಅವನ ಹೆಸರು ಕವಿ! ಈ ಕವಿ ಮಾಡುವುದು ಕಾಲ್ ಸೆಂಟರಿನ ಉದ್ಯೋಗ. ಕುವೆಂಪು, ಬೇಂದ್ರೆಯವರ ನಾಡಿನವರಿಗೆ ಇದಕ್ಕಿಂತ ಕ್ರೂರವಾದ ನಾಮಕರಣ ಸಿಗಲಾರದು. ಬರೆದವರಿಗೆ ಅದರ ಅರಿವಿದ್ದಿರಲಾರದು ಎಂಬುದು ಬೇರೆ ಮಾತು.

ಮುಂದೆ ಹೋಮರ್ ತನ್ನನ್ನು ತಾನೇ ದೇವರೆಂದು ಬಗೆಯತೊಡಗುತ್ತಾನೆ. ಗಾಬರಿಗೊಂಡ ಹೆಂಡತಿ ಮಕ್ಕಳು ಅವನನ್ನು ಹುಡುಕಿಕೊಂಡು ಬಂದು, ಬೆಂಗಳೂರಿನಿಂದ ದೋಣಿಯಲ್ಲಿ ನದಿಗೆ ಎದುರಾಗಿ ಸಾಗಿ ಆ ಸ್ಥಾವರವನ್ನು ತಲುಪುತ್ತಾರೆ. ವಿಯೆಟ್ನಾಂ ಯುದ್ಧವನ್ನು ಕುರಿತ ಕೊಪ್ಪೊಲಾನ ‘ಅಪೊಕಲಿಪ್ಸ್ ನೌ’ ಚಿತ್ರದ ಅಣಕ ಇದು. ಅಲ್ಲಿ ನೋಡಿದರೆ ಕೆಲಸಗಾರರು ಹೋಮರನನ್ನು ನಿಜಕ್ಕೂ ಆರಾಧಿಸುತ್ತಿದ್ದಾರೆ. ಕಾರಣವೇನು? ಕಾಫಿ ವಿರಾಮ, ಸ್ವಂತ ಕೆಲಸಕ್ಕೆ ರಜೆ, ಅವಧಿಗೆ ಮೊದಲೇ ನಿವೃತ್ತಿ, ಕೆಲಸ ಹೋದರೆ ದೊಡ್ಡ ಗಂಟು, ಇವೆಲ್ಲವನ್ನೂ ಅವನು ಅವರಿಗೆ ಕಲಿಸಿದ್ದಾನೆ. ಅಪ್ಪ ಅಮೆರಿಕದ ಕಾರ್ಮಿಕನ ಆದರ್ಶಗಳನ್ನು ರಫ್ತು ಮಾಡಿದನೆಂದು ಲೀಸಾ ಹೆಮ್ಮೆಪಡುತ್ತಾಳೆ. ಬರ್ನ್ಸ್‌ಗೆ ಮಾತ್ರ ಇದು ದುಬಾರಿ ಎನಿಸುತ್ತದೆ. ಅವನು ಬೆಂಗಳೂರಿನ ಸ್ಥಾವರವನ್ನು ಮುಚ್ಚಿ, ಗತಿಯಿಲ್ಲದೆ ಏನನ್ನಾದರೂ ಒಪ್ಪಿಕೊಳ್ಳುವ ಜನರಿರುವ ಊರಿಗೆ, ಅಂದರೆ ಸ್ಪ್ರಿಂಗ್‌ಫೀಲ್ಡಿಗೇ, ಮರಳುತ್ತಾನೆ. ಕೆಲಸ ಕಳೆದುಕೊಂಡ ಭಾರತೀಯರು ಗಂಟು ಸಿಕ್ಕ ಖುಷಿಯಲ್ಲಿ ಕುಣಿಯುತ್ತಾರೆ. ನಡುವೆ ಒಬ್ಬ ಟಿ.ವಿ. ನಟನನ್ನು ಮಾರ್ಜಳ ಅಕ್ಕಂದಿರು ಅಪಹರಿಸುವ ಉಪಕಥೆಯೂ ಇದೆ. ಅದು ನಮಗೆ ಬೇಡ.

ಮೊದಲು ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ಕೊನೆಯ ಆ ತಿರುವು ಬಹಳ ಒಳ್ಳೆಯದು. ಬಂಡವಾಳಕ್ಕೆ ಸ್ವದೇಶವೆಂಬುದಿಲ್ಲ, ಅದು ಹಸಿದವರ ಊರನ್ನು ಹುಡುಕಿಕೊಂಡು ಅಲೆಯುತ್ತದೆ ಎಂಬುದನ್ನು ಹೇಳಲು ನಮ್ಮ ಅರ್ಥಶಾಸ್ತ್ರಜ್ಞರಿಗೆ ಒಂದು ವಿಚಾರ ಸಂಕಿರಣವೇ ಬೇಕಾಗುತ್ತದೆ. ಇವರು ಎರಡು ನಿಮಿಷದಲ್ಲಿ ಹೇಳಿ ಮುಗಿಸಿದರು. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಶುರುವಾದ ಮುಷ್ಕರದ ನಂತರ ಪರೇಲು, ಲಾಲ್‌ಬಾಗಿನ ಬಟ್ಟೆ ಗಿರಣಿಗಳ ಚಿಮಣಿಗಳು ಒಂದೊಂದಾಗಿ ತಣ್ಣಗಾದದ್ದನ್ನು ಕಂಡ ಮುಂಬಯಿಯವರಿಗೆ ಈ ವ್ಯಂಗ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನ ಹೆಸರು ಅಮೆರಿಕದ ಆಡುಮಾತಿನಲ್ಲಿ ಕ್ರಿಯಾಪದವಾಗಿದ್ದ ಕಾಲ ಅದು. ಕೆಲಸ ಭಾರತದ ಪಾಲಾಗಿ ಮನೆಗೆ ಹೋದವನನ್ನು ‘ಬ್ಯಾಂಗಲೋರ್ಡ್’ ಎನ್ನುತ್ತಿದ್ದರು. ಆ ಸಿಟ್ಟಿನ ಕಾಲದಲ್ಲೂ ಈ ಕಂತು ಭಾರತೀಯ ಕೆಲಸಗಾರನನ್ನು ಕಳ್ಳನೆಂದು ಚಿತ್ರಿಸಲಿಲ್ಲ, ಬೆರಳನ್ನು ಒಡೆಯನ ಕಡೆಗೇ ತೋರಿಸಿತು. ಇದು ಸಣ್ಣ ಮಾತಲ್ಲ.

ಹಾಗಾದರೆ ನನ್ನ ತಕರಾರೇನು? ನಮ್ಮನ್ನು ನೋಡಿ ನಕ್ಕರು ಎಂಬುದಲ್ಲ. ನಗುವಷ್ಟೂ ನಮ್ಮನ್ನು ನೋಡಲಿಲ್ಲ ಎಂಬುದು.

ಕಾಫಿ ವಿರಾಮದಿಂದಲೇ ಶುರುಮಾಡೋಣ. ಬಾಬಾಬುಡನ್‌ಗಿರಿಯ ಬೀಜದ ಐತಿಹ್ಯವಿರುವ ನಾಡಿನ ರಾಜಧಾನಿ, ಭಾರತದ ಕಾಫಿ ಮಂಡಳಿಯ ಕೇಂದ್ರ ಕಚೇರಿಯಿರುವ ಊರು ಅದು. ಬೆಳಗಿನ ಕಾಫಿಯಾಗದೆ ಯಾವ ಕಡತವೂ ಮೇಜಿನಿಂದ ಮೇಜಿಗೆ ಕದಲದ ಊರು. ಅಂಥ ಊರಿಗೆ ಸ್ಪ್ರಿಂಗ್‌ಫೀಲ್ಡಿನ ಹೋಮರ್ ಬಂದು ಕಾಫಿ ವಿರಾಮವನ್ನು ಕಲಿಸಿದನಂತೆ! ಇನ್ನು ರಜೆಯ ವಿಷಯ. ಮೂವತ್ತು ವರ್ಷಕ್ಕೂ ಮೀರಿ ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ನಾನು ಹೇಳುತ್ತೇನೆ, ಗಳಿಕೆ ರಜೆ, ಅರ್ಧವೇತನ ರಜೆ, ಪರಿವರ್ತಿತ ರಜೆ, ಸಾಂದರ್ಭಿಕ ರಜೆ, ನಿರ್ಬಂಧಿತ ರಜೆ ಇವುಗಳ ಸೂಕ್ಷ್ಮ ಭೇದಗಳನ್ನು ಕುರಿತು ನಮ್ಮ ಕಚೇರಿಯ ಯಾವ ಹಿರಿಯ ಗುಮಾಸ್ತನಾದರೂ ಆ ಹೋಮರನನ್ನು ಎದುರಿಗೆ ಕೂರಿಸಿಕೊಂಡು ಒಂದು ವಾರ ಪಾಠ ಹೇಳಬಲ್ಲ. ಇಲ್ಲಿ ನಗುವ ಅವಕಾಶ ಎಷ್ಟಿತ್ತು! ಅಮೆರಿಕದ ಸೋಮಾರಿಯೊಬ್ಬ ಭಾರತದ ಸರ್ಕಾರಿ ಕಚೇರಿಗೆ ಬಂದು ತನ್ನ ಗುರುವನ್ನು ಕಂಡುಕೊಂಡ ಕಥೆಯನ್ನು ಅವರು ಬರೆದಿದ್ದರೆ ನಾನೇ ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದೆ.

ತಮಾಷೆ ಬಿಟ್ಟು ಹೇಳುವುದಾದರೆ, ಲೀಸಾಳ ಆ ಹೆಮ್ಮೆ ನನ್ನನ್ನು ನೋಯಿಸಿತು. ಕಾರ್ಮಿಕನ ಹಕ್ಕು ಅಮೆರಿಕದಿಂದ ರಫ್ತಾಗಬೇಕಾದ ಸರಕೆ? ನಾರಾಯಣ ಮೇಘಾಜಿ ಲೋಖಂಡೆಯವರು ಇದೇ ಮುಂಬಯಿಯಲ್ಲಿ ಗಿರಣಿ ಕೆಲಸಗಾರರ ಸಂಘ ಕಟ್ಟಿದ್ದು 1884ರಲ್ಲಿ. ಅವರ ಹೋರಾಟದಿಂದ ಗಿರಣಿ ಮಾಲೀಕರು ಭಾನುವಾರದ ವಾರದ ರಜೆಗೆ ಒಪ್ಪಿದ್ದು 1890ರ ಜೂನ್ 10ರಂದು. ನಾನೂ ಮಗಳೂ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಕುಳಿತು ಹೋಮರನನ್ನು ನೋಡುತ್ತಿದ್ದುದೂ ಲೋಖಂಡೆಯವರ ಕೃಪೆಯೇ. ಬೆಂಗಳೂರಿನ ಮಟ್ಟಿಗೆ ಹೇಳುವುದಾದರೆ ಇದು ನನಗೆ ಪುಸ್ತಕದ ವಿಷಯವಲ್ಲ. ನಮ್ಮ ತಂದೆ ಅಲ್ಲಿನ ಒಂದು ಸಾರ್ವಜನಿಕ ಉದ್ಯಮದಲ್ಲಿ ಫಿಟ್ಟರ್ ಆಗಿದ್ದರು. 1980ರ ಡಿಸೆಂಬರಿನ ಕೊನೆಯಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಒಂದು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಒಟ್ಟಿಗೆ ಕೆಲಸ ನಿಲ್ಲಿಸಿದರು. ಆ ಮುಷ್ಕರ ನಡೆದದ್ದು 77 ದಿನ. ಆಗ ನಾನು ಮಾಧ್ಯಮಿಕ ಶಾಲೆಯ ಹುಡುಗ. ಅಪ್ಪ ಬೆಳಗಿನ ಪಾಳಿಗೆ ಹೊರಡುವ ಹೊತ್ತಿಗೇ ಎದ್ದು, ಸ್ನಾನ ಮಾಡಿ, ಇಸ್ತ್ರಿ ಮಾಡಿದ ಸಮವಸ್ತ್ರವನ್ನು ತೊಡದೆ ಕುರ್ಚಿಯ ಮೇಲೆ ಹಾಗೆಯೇ ಇಟ್ಟು ಕುಳಿತಿರುತ್ತಿದ್ದರು. ಎರಡನೆಯ ತಿಂಗಳಿನಲ್ಲಿ ಅಮ್ಮ ಮನೆಯ ಕಾಫಿಯನ್ನು ದಿನಕ್ಕೆ ಒಂದು ಸಲಕ್ಕೆ ಇಳಿಸಿದಳು. ಅಪ್ಪನ ಕಾಫಿ ವಿರಾಮ ಅಂಥದು. ಅದನ್ನು ಅವರಿಗೆ ಯಾರೂ ಬಂದು ಕಲಿಸಲಿಲ್ಲ.

ಇನ್ನು ಆ ನದಿ. ಬೆಂಗಳೂರಿಗೆ ದೋಣಿ ಸಾಗುವ ನದಿಯಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲೆ ಕುಳಿತ ಈ ಊರು ಕೆರೆಗಳನ್ನು ಕಟ್ಟಿಕೊಂಡು ಬದುಕಿತು, ಕೆರೆಗಳನ್ನು ನುಂಗಿಕೊಂಡು ಬೆಳೆಯಿತು. ಸುಮಾರು ನೂರು ಕಿಲೋಮೀಟರು ದೂರದ ಕಾವೇರಿಯನ್ನು ಪಂಪುಗಳಿಂದ ಮೇಲೆತ್ತಿ ಕುಡಿಯುತ್ತಿದೆ. ಊರಿನೊಳಗೆ ಹುಟ್ಟುವ ವೃಷಭಾವತಿಯ ಗತಿಯನ್ನು ಹೇಳದಿರುವುದೇ ಲೇಸು. ಜ್ಞಾನಭಾರತಿಯಲ್ಲಿ ಎಂ.ಎ. ಓದುತ್ತಿದ್ದಾಗ ಮೈಸೂರು ರಸ್ತೆಯ ಬಸ್ಸಿನಲ್ಲಿ ನಾವೆಲ್ಲ ಮೂಗು ಹಿಡಿದು ಅದನ್ನು ದಾಟುತ್ತಿದ್ದೆವು. ಈಗ ಕೆಲಸ ಮಾಡುವ ಕಚೇರಿಯ ಪಕ್ಕದಲ್ಲಿ ಮೀಠಿ ನದಿಯಿದೆ, ಅದನ್ನೂ ಹಾಗೆಯೇ ದಾಟುತ್ತೇನೆ. ಬರ್ನ್ಸ್‌ನಂಥವನು ವೃಷಭಾವತಿಯ ನೊರೆಯಲ್ಲಿ ದೋಣಿ ಬಿಟ್ಟಿದ್ದರೆ ಅದೇ ಒಂದು ಕಂತಿಗೆ ಸಾಕಾಗುತ್ತಿತ್ತು.

ಕಲ್ಪನೆಯ ಊರಿಗೆ ಕಲ್ಪನೆಯ ನದಿ ಕೊಡಬಾರದೇ ಎಂದು ಕೇಳುವವರಿದ್ದಾರೆ. ಧಾರಾಳವಾಗಿ ಕೊಡಬಹುದು. ಆರ್.ಕೆ. ನಾರಾಯಣರು ಮಾಲ್ಗುಡಿಗೆ ಸರಯೂ ನದಿಯನ್ನು ಕೊಟ್ಟರು, ಅದು ಭೂಪಟದಲ್ಲಿಲ್ಲವೆಂದು ಯಾರೂ ದೂರಲಿಲ್ಲ. ಶಂಕರ್‌ನಾಗ್ 1980ರ ದಶಕದಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಆಗುಂಬೆಯಲ್ಲಿ ಚಿತ್ರಿಸಿದಾಗ ಪಾತ್ರಗಳೆಲ್ಲ ಹಿಂದಿಯಲ್ಲಿ ಮಾತಾಡಿದವು. ಆದರೂ ಅದು ನಮ್ಮ ಊರೇ ಎಂದು ದೇಶದ ಮೂಲೆಮೂಲೆಯ ಕನ್ನಡಿಗರಿಗೆ ಅನಿಸಿತು. ಜಗುಲಿ, ಹೆಂಚಿನ ಮಾಡು, ಮಳೆ ಬೀಳುವ ರೀತಿ, ಅಂಗಡಿಯವನು ಕುಳಿತುಕೊಳ್ಳುವ ಭಂಗಿ ಇವೆಲ್ಲವನ್ನೂ ಯಾರೋ ಗಮನವಿಟ್ಟು ಕಂಡಿದ್ದರು. ಆದ್ದರಿಂದ ಭಾಷೆಯ ಹೆಸರಿನಲ್ಲಿ ಕೂಗಾಡುವುದು ನನ್ನ ಉದ್ದೇಶವಲ್ಲ. ಕಾಣದೆಯೇ ಚಿತ್ರ ಬರೆದರೆಂಬುದು ನನ್ನ ದೂರು. ಅವರಿಗೆ ಬೇಕಾಗಿದ್ದುದು ಕೊಪ್ಪೊಲಾನ ಕಾಡು, ಕೊಪ್ಪೊಲಾನ ಹೊಳೆ. ಅದರ ಮೇಲೆ ‘ಬ್ಯಾಂಗಲೋರ್’ ಎಂಬ ಚೀಟಿ ಅಂಟಿಸಿದರು, ಶೀರ್ಷಿಕೆಯಲ್ಲಿ ‘ಬ್ಯಾಂಗ್’ ಎಂಬ ಪ್ರಾಸ ಕೂಡಿಬರುತ್ತಿತ್ತಲ್ಲ!

ಹುಡುಕಿದ್ದರೆ ನದಿಯ ದಡದಲ್ಲೊಂದು ಅಣುಸ್ಥಾವರ ಕನ್ನಡ ನಾಡಿನಲ್ಲೇ ಅವರಿಗೆ ಸಿಗುತ್ತಿತ್ತು. ಉತ್ತರ ಕನ್ನಡದ ಕಾಡಿನೊಳಗೆ ಕಾಳಿ ನದಿಯ ಪಕ್ಕದಲ್ಲಿ ಕೈಗಾ ಇದೆ. ಅದನ್ನು ವಿರೋಧಿಸಿ ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಬೀದಿಗಿಳಿದರು, 1989ರಲ್ಲಿ ಲೋಕಸಭಾ ಚುನಾವಣೆಗೂ ನಿಂತು ಸೋತರು. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಪದರ ಕುಸಿದು ಬಿದ್ದಿತು. ಅದೇ ಕೈಗಾದ ಒಂದನೆಯ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಅಂದಿಗೆ ಜಗತ್ತಿನ ದಾಖಲೆಯಾಯಿತು. 2020ರಲ್ಲಿ ಕೆನಡಾದ ಸ್ಥಾವರವೊಂದು ಅದನ್ನು ಮೀರಿತು. ಕಾರಂತರ ಭಯವೂ ನಿಜ, ಆ 962 ದಿನ ಪಾಳಿಯಲ್ಲಿ ಎಚ್ಚರವಿದ್ದವರ ಶ್ರಮವೂ ನಿಜ. ಗುಂಡಿಯ ಮುಂದೆ ಕುಳಿತು ನಿದ್ದೆ ಹೋಗುವ ಹೋಮರನಿಗೆ ಈ ಎರಡರ ನಡುವೆ ಎಂಥ ಪಾತ್ರ ಸಿಗಬಹುದಿತ್ತು!

ಆದರೂ ಭಾಷೆಯ ಮಾತನ್ನು ಪೂರ್ತಿ ಬಿಡಲಾರೆ. ಕಂತು ಮುಗಿಯುವವರೆಗೂ ನನ್ನ ಕಿವಿಗೆ ಒಂದೂ ಕನ್ನಡ ಶಬ್ದ ಬೀಳಲಿಲ್ಲ. ಕೊನೆಯಲ್ಲಿ ಒಂದು ಹಾಡು ಬಂತು. ಅದು 1970ರ ‘ಜಾನಿ ಮೇರಾ ನಾಮ್’ ಚಿತ್ರದ್ದು. ಕಲ್ಯಾಣ್‌ಜಿ ಆನಂದ್‌ಜಿ ಸಂಗೀತ, ಕಿಶೋರ್ ಕುಮಾರರ ಕಂಠ, ತೆರೆಯ ಮೇಲೆ ದೇವ್ ಆನಂದ್. ಅದೇ ದೇವ್ ಆನಂದರ ಧ್ವನಿಮುದ್ರಣ ಕೇಂದ್ರವಿದ್ದದ್ದು ನಮ್ಮ ಬಾಂದ್ರಾದ ಪಾಲಿ ಹಿಲ್ಲಿನಲ್ಲಿ. ಹಾಡು ಸೊಗಸಾದದ್ದೇ, ನಾನೂ ಸ್ನಾನದ ಮನೆಯಲ್ಲಿ ಅದನ್ನು ಗುನುಗುವವನೇ. ಆದರೆ ಬೆಂಗಳೂರಿನ ಕಥೆಗೆ ಕೊನೆಗೂ ಮುಂಬಯಿಯ ಹಾಡೇ ಭಾರತವೆನಿಸಿತು. ಇದರಲ್ಲಿ ಅಮೆರಿಕದವರ ತಪ್ಪೆಷ್ಟು, ನಾವೇ ಹೊರಗಿನವರಿಗೆ ತೋರಿಸಿಕೊಂಡು ಬಂದದ್ದರ ಪಾಲೆಷ್ಟು ಎಂಬುದನ್ನು ಯೋಚಿಸಬೇಕು.

ಇಲ್ಲೊಂದು ಕಾಕತಾಳೀಯವಿದೆ, ದಿನಾಂಕಗಳನ್ನು ಹೋಲಿಸಿದಾಗ ಹೊಳೆದದ್ದು. ಕಂತು ಪ್ರಸಾರವಾದದ್ದು 2006ರ ಏಪ್ರಿಲ್ 9, ಭಾನುವಾರ. ಮೂರನೆಯ ದಿನ, ಏಪ್ರಿಲ್ 12ರಂದು, ಡಾ. ರಾಜಕುಮಾರ್ ತೀರಿಕೊಂಡರು. ಬೆಂಗಳೂರು ನಿಂತುಹೋಯಿತು. ಸಾಫ್ಟ್‌ವೇರ್ ಕಂಪನಿಗಳು ಬಾಗಿಲು ಹಾಕಿದವು, ಬಸ್ಸುಗಳು ಉರಿದವು. ಮರುದಿನ ಅಂತ್ಯಕ್ರಿಯೆಯ ಹೊತ್ತಿನ ಗಲಭೆಯಲ್ಲಿ ಒಬ್ಬ ಪೊಲೀಸ್ ಪೇದೆಯೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು. ಆ ಹಿಂಸೆಯನ್ನು ನಾನು ಎಂದೂ ಸಮರ್ಥಿಸಿಲ್ಲ, ಈಗಲೂ ಸಮರ್ಥಿಸುವುದಿಲ್ಲ. ಶೋಕವನ್ನು ಗೌರವದಿಂದ ನಡೆಸಿಕೊಡಲಾರದ ಆಡಳಿತವನ್ನೂ, ಶೋಕದ ಹೆಸರಿನಲ್ಲಿ ಕಲ್ಲು ಎತ್ತಿದವರನ್ನೂ ಒಟ್ಟಿಗೇ ಖಂಡಿಸಬೇಕು. ಆದರೆ ಐಟಿ ನಗರದಲ್ಲಿ ಒಬ್ಬ ಸಿನಿಮಾ ನಟನಿಗಾಗಿ ಇಷ್ಟೆಲ್ಲ ಏಕೆ ಎಂದು ಹೊರಗಿನವರು ಬೆಪ್ಪಾಗಿ ಕೇಳಿದರಲ್ಲ, ಆ ಪ್ರಶ್ನೆಯಲ್ಲಿ ಹೋಮರನ ದೋಣಿಯಿತ್ತು. ಅವರ ಚಿತ್ರದ ಬೆಂಗಳೂರಿನಲ್ಲಿ ಗೋಕಾಕ್ ಚಳವಳಿ ನಡೆದೇ ಇರಲಿಲ್ಲ, ಅಲ್ಲಿ ರಾಜಕುಮಾರ್ ಹುಟ್ಟಿಯೇ ಇರಲಿಲ್ಲ. ಆ ಸಂಜೆ ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕುಳಿತಾತ ಚಿಲ್ಲರೆ ಎಣಿಸುತ್ತ ಎಣಿಸುತ್ತ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಅವನೂ ನಾನೂ ಒಂದು ಮಾತನ್ನೂ ಆಡಲಿಲ್ಲ. ಬಿಲ್ಲು ತೆಗೆದುಕೊಳ್ಳಲು ಮಾತ್ರ ಅವನು ಒಪ್ಪಲಿಲ್ಲ.

ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿ, “ಅದಿರಲಿ, ಅಪುವಿನ ಜಗಳ ನಿನಗೆ ಗೊತ್ತಾ?” ಎಂದಳು. ನಮಗೆ ‘ಅಪ್ಪು’ ಎಂದರೆ ರಾಜಕುಮಾರರ ಕಿರಿಯ ಮಗ, 2021ರ ಅಕ್ಟೋಬರಿನಲ್ಲಿ ನಮ್ಮನ್ನು ಅಗಲಿದ ಪುನೀತ್. ಇದು ಒತ್ತಕ್ಷರವಿಲ್ಲದ ಅಪು. ಸತ್ಯಜಿತ್ ರಾಯರ ಚಿತ್ರತ್ರಯದ ಹುಡುಗನಿಂದ ಎರವಲು ಪಡೆದ ಹೆಸರು, ಮುಂದೆ ‘ನಹಸಪೀಮಪೆಟಿಲನ್’ ಎಂಬ, ಭಾರತದ ಯಾವ ಭಾಷೆಗೂ ಸೇರದ ಕುಲನಾಮ. 1990ರಲ್ಲಿ ಕಾಣಿಸಿಕೊಂಡ ಈ ಪಾತ್ರಕ್ಕೆ ದನಿ ಕೊಟ್ಟವನು ಹ್ಯಾಂಕ್ ಅಜೇರಿಯಾ ಎಂಬ ಬಿಳಿಯ ನಟ. ಆ ಉಚ್ಚಾರದಿಂದಾಗಿ ಅಮೆರಿಕದ ಶಾಲೆಗಳಲ್ಲಿ ಭಾರತೀಯ ಮಕ್ಕಳು ಅನುಭವಿಸಿದ ಗೇಲಿಯನ್ನು ಕುರಿತು ಹರಿ ಕೊಂಡಬೋಲು ಎಂಬ ಹಾಸ್ಯಕಲಾವಿದ 2017ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದರು. ಮಾಲಿಕೆಯವರು 2018ರ ಒಂದು ಕಂತಿನಲ್ಲಿ ಅದಕ್ಕೆ ಉತ್ತರವಾಗಿ ಭುಜ ಹಾರಿಸಿದರು. 2020ರಲ್ಲಿ ಅಜೇರಿಯಾ ಆ ದನಿಯನ್ನು ಬಿಟ್ಟ, 2021ರಲ್ಲಿ ಭಾರತೀಯರ ಕ್ಷಮೆ ಕೇಳಿದ. ಅಪು ಆಮೇಲೆ ಬಹುಮಟ್ಟಿಗೆ ಮೂಗನಾಗಿ ಹಿನ್ನೆಲೆಗೆ ಸರಿದ. ಇದನ್ನು ಪರಿಹಾರವೆನ್ನಲು ನನಗೆ ಮನಸ್ಸಾಗದು. ತಪ್ಪು ದನಿಯಲ್ಲಿ ಮಾತಾಡುತ್ತಿದ್ದವನ ಬಾಯಿ ಮುಚ್ಚಿಸುವುದು ಸುಲಭ, ಅವನಿಗೆ ಅವನ ದನಿಯನ್ನು ಕೊಡುವುದು ಕಷ್ಟದ ಕೆಲಸ.

ಮುಂಬಯಿಯಲ್ಲಿ ನಮ್ಮ ತಲೆಮಾರು ಇದನ್ನು ಬೇರೆ ರೂಪದಲ್ಲಿ ಅನುಭವಿಸಿದೆ. ವಿಂಧ್ಯದ ಕೆಳಗಿನವರೆಲ್ಲ ‘ಮದ್ರಾಸಿ’ಗಳಾಗಿದ್ದ ಕಾಲ. 1968ರ ‘ಪಡೋಸನ್’ ಚಿತ್ರದಲ್ಲಿ ಮೆಹಮೂದ್ ಮಾಡಿದ ಸಂಗೀತ ಮೇಷ್ಟರ ಉಚ್ಚಾರವನ್ನು ಕಚೇರಿಯ ಊಟದ ಬಿಡುವಿನಲ್ಲಿ ನನ್ನೆದುರಿಗೇ ಅನುಕರಿಸಿ ತೋರಿಸಿದವರಿಗೆ ಲೆಕ್ಕವಿಲ್ಲ. ನಾನೂ ನಗುತ್ತಿದ್ದೆ. ನಗದಿದ್ದರೆ ಹಾಸ್ಯಪ್ರಜ್ಞೆಯಿಲ್ಲದವನೆಂಬ ಇನ್ನೊಂದು ಬಿರುದು ಕಾದಿರುತ್ತಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನ ನನಗೆ ಅನುಕೂಲವಾಗಿರುತ್ತಿತ್ತು. ಆದರೆ ಅಜೇರಿಯಾನ ಹೆಸರನ್ನು ಮಗಳು ಹೇಳಿದಾಗಿನಿಂದ ಒಂದು ಬೆಳ್ಳಿಯ ಬಟ್ಟಲು ನನ್ನ ಕಣ್ಣಿಗೆ ಚುಚ್ಚುತ್ತಿದೆ. ಅದು ನಮ್ಮ ಮನೆಯ ಗಾಜಿನ ಬೀರುವಿನಲ್ಲಿದೆ. 1998ರಲ್ಲಿ ಇಲ್ಲಿನ ಒಂದು ಕನ್ನಡ ಸಂಘದ ವಾರ್ಷಿಕೋತ್ಸವದ ನಾಟಕದಲ್ಲಿ ಉತ್ತಮ ಹಾಸ್ಯನಟನೆಗೆ ಸಿಕ್ಕದ್ದು. ನಾನು ಮಾಡಿದ ಪಾತ್ರ ಬಾಂದ್ರಾದ ಒಬ್ಬ ಮಂಗಳೂರು ಕ್ರೈಸ್ತನದು. ಕುಡುಕ, ಕೈಯಲ್ಲಿ ಗಿಟಾರು, ಬಾಯಲ್ಲಿ ಲಿಂಗ ವಚನಗಳ ಗೊತ್ತುಗುರಿಯಿಲ್ಲದ ಕನ್ನಡ. ಅವನು ಬಾಯಿ ತೆರೆದರೆ ಸಾಕು, ಸಭೆ ಬಿದ್ದು ಬಿದ್ದು ನಗುತ್ತಿತ್ತು. ಆ ಕನ್ನಡವನ್ನು ನಾನು ಕಲಿತದ್ದು ಎಲ್ಲಿಂದ? ನನ್ನ ಪಕ್ಕದ ಮೇಜಿನ ಸಹೋದ್ಯೋಗಿಯಿಂದ. ಹಿಲ್ ರೋಡಿನ ಹಿಂದಿನ ರಾನ್ವರ್ ಹಳ್ಳಿಯಲ್ಲಿ ಬಾಡಿಗೆಗಿದ್ದ ಅವರು ಮದ್ಯವನ್ನು ಮುಟ್ಟಿದವರಲ್ಲ, ಗಿಟಾರನ್ನೂ ಹಿಡಿದವರಲ್ಲ. ಮನೆಮಾತು ಕೊಂಕಣಿ, ಕನ್ನಡ ಶಾಲೆಯಲ್ಲಿ ಕಲಿತದ್ದು. ಆದರೂ ಕಚೇರಿಯಲ್ಲಿ ನನ್ನೊಡನೆ ಕನ್ನಡವನ್ನಲ್ಲದೆ ಬೇರೆ ಮಾತಾಡುತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬಕ್ಕೆ ಹೊಸ ಅಕ್ಕಿಯ ಊಟಕ್ಕೆ ಕರೆಯುತ್ತಿದ್ದರು, ಕ್ರಿಸ್ಮಸ್ಸಿಗೆ ಕುಸ್ವಾರಿನ ಡಬ್ಬಿ ತರುತ್ತಿದ್ದರು. ನಾಟಕದ ಟಿಕೆಟನ್ನು ಅವರಿಗೆ ಕೊಟ್ಟವನೂ ನಾನೇ. ಹೆಂಡತಿಯೊಡನೆ ಬಂದು ಮೂರನೆಯ ಸಾಲಿನಲ್ಲಿ ಕುಳಿತಿದ್ದರು.

ಮರುದಿನ ಕಚೇರಿಯಲ್ಲಿ ಅವರು ಅಭಿನಂದನೆ ಹೇಳಿದರು, ಇಂಗ್ಲಿಷಿನಲ್ಲಿ. ಅಂದಿನಿಂದ ನಿವೃತ್ತರಾಗುವವರೆಗೆ ನನ್ನೊಡನೆ ಇಂಗ್ಲಿಷಿನಲ್ಲೇ ಮಾತಾಡಿದರು. ಸಂಬಂಧವೇನೂ ಕೆಡಲಿಲ್ಲ, ಕುಸ್ವಾರಿನ ಡಬ್ಬಿಯೂ ತಪ್ಪಲಿಲ್ಲ. ಬಹಳ ದಿನ ನಾನು ಇದನ್ನು ಗಮನಿಸಲೇ ಇಲ್ಲ, ಗಮನಿಸಿದ ಮೇಲೂ ಕಾರಣವನ್ನು ಹುಡುಕಲಿಲ್ಲ. ಮುಂಬಯಿಯಲ್ಲಿ ಕನ್ನಡ ಮಾತಾಡುವವರು ಕಡಿಮೆಯಾಗುತ್ತಿದ್ದಾರೆಂದು ಇದೇ ಪುಟಗಳಲ್ಲಿ ಎಷ್ಟು ಸಲ ಮರುಗಿದ್ದೇವೆ! ಒಬ್ಬರನ್ನು ಕಡಿಮೆ ಮಾಡಿದ್ದು ನಾನು, ಅದಕ್ಕೆ ಬೆಳ್ಳಿಯ ಬಟ್ಟಲನ್ನೂ ಪಡೆದೆ. ಸ್ಪ್ರಿಂಗ್‌ಫೀಲ್ಡಿನವರಿಗಾದರೂ ಬೆಂಗಳೂರು ಸಾವಿರಾರು ಮೈಲಿ ದೂರವಿತ್ತು. ನನಗೆ ರಾನ್ವರ್ ಒಂದು ಆಟೋರಿಕ್ಷಾದಷ್ಟು ದೂರ.

ಮಗಳು ಕೇಳಿದಳು, “ಅವರಿಗೆ ಸಾರಿ ಹೇಳಿದೆಯಾ?” ಇಲ್ಲ. ಅವರು ಈಗ ಊರಿನಲ್ಲಿದ್ದಾರೆ. ದೂರವಾಣಿ ಸಂಖ್ಯೆಯನ್ನು ಇನ್ನೊಬ್ಬ ಹಳೆಯ ಸಹೋದ್ಯೋಗಿಯಿಂದ ಪಡೆದು ಎರಡು ವಾರವಾಯಿತು. ಯಾವ ಭಾಷೆಯಲ್ಲಿ ಶುರುಮಾಡಬೇಕೆಂಬುದೇ ಬಗೆಹರಿದಿಲ್ಲ.

ಈ ವರ್ಷದ ವಾರ್ಷಿಕೋತ್ಸವದ ನಾಟಕದ ಹಸ್ತಪ್ರತಿ ನನ್ನ ಮೇಜಿನ ಮೇಲಿದೆ. ಆಯ್ಕೆ ಸಮಿತಿಯಲ್ಲಿ ನಾನೂ ಒಬ್ಬ. ಎರಡನೆಯ ಅಂಕದಲ್ಲಿ ಹಾಲು ಮಾರುವ ಒಬ್ಬ ಭೈಯ್ಯಾ ಬರುತ್ತಾನೆ, ಮುರುಕು ಕನ್ನಡದಲ್ಲಿ ನಾಲ್ಕು ಮಾತಾಡಿ, ಬೈಸಿಕೊಂಡು, ಸಭೆಯನ್ನು ನಗಿಸಿ ಹೋಗುತ್ತಾನೆ. ಅವನ ಮೊದಲ ಮಾತಿನ ಎದುರಿಗೆ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ: “ಇವನ ಊರು ಯಾವುದು?” ನಾಟಕಕಾರರು ಅದನ್ನು ನೋಡಿ, ಅದು ಕಥೆಗೆ ಅಗತ್ಯವಿಲ್ಲ ಸಾರ್ ಎಂದಿದ್ದಾರೆ. ಸಮಿತಿಯ ಸಭೆ ಬರುವ ಶನಿವಾರ.